ಬಿಚ್ಚಿ ಕಲಿತ ವಿದ್ಯೆ

1920ರ ದಶಕದ ಕೊನೆಯ ಭಾಗ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಗುಡ್ಡಗಾಡಿನಲ್ಲಿ, ಎರಡು ಹೊಳೆಗಳು ಕೂಡುವೆಡೆಯಲ್ಲಿ, ರೋಸ್ಕೋ ಎಂಬ ಪುಟ್ಟ ಊರು. ಅಲ್ಲಿ ಮೂವರು ತರುಣರು ಒಂದು ವಿಚಿತ್ರವಾದ ಕೆಲಸಕ್ಕೆ ಕುಳಿತರು. ಸುಮಾರು 50 ಡಾಲರುಗಳಷ್ಟು ಬೆಲೆಯ ಸಾಮಾನನ್ನು ಅವರು ಕೊಂಡು ತಂದಿದ್ದರು. ಆ ಕಾಲಕ್ಕೆ ಅದೇನೂ ಅಲ್ಪ ಮೊತ್ತವಲ್ಲ. ಆದರೆ ತಂದ ಸಾಮಾನನ್ನು ಅವರು ಉಪಯೋಗಿಸಲಿಲ್ಲ. ಲಾಭಕ್ಕೆ ಮಾರಲೂ ಇಲ್ಲ. ಒಂದೊಂದನ್ನಾಗಿ ಕೈಗೆತ್ತಿಕೊಂಡು ಎಳೆ ಎಳೆಯಾಗಿ ಬಿಚ್ಚಿಹಾಕಿದರು!

ಆ ಸಾಮಾನು ಬೇರೆ ಯಾವುದೂ ಅಲ್ಲ, ಮೀನಿನ ಗಾಳಕ್ಕೆ ರೇಷ್ಮೆ ಎಳೆಯಿಂದ ಗರಿ, ತುಪ್ಪುಳಗಳನ್ನು ಕಟ್ಟಿ ಮಾಡಿದ ಹುಸಿನೊಣಗಳು. ಕಟ್ಟಿದವನು ರೂಬ್ ಕ್ರಾಸ್ ಎಂಬ ಕುಶಲಿ. ಆಜಾನುಬಾಹುವಾದ ಆತನ ದಪ್ಪ ಬೆರಳುಗಳಿಂದ ಅಷ್ಟು ನವುರಾದ ಕೆಲಸ ಹೇಗೆ ಹೊರಡುತ್ತದೆ ಎಂಬುದೇ ನೋಡಿದವರಿಗೆ ಸೋಜಿಗ. ವಾಲ್ಟ್ ಡೆಟ್ ಎಂಬ ತರುಣ ತನಗೂ ಆ ವಿದ್ಯೆಯನ್ನು ಕಲಿಸಿಕೊಡಬೇಕೆಂದು ಕೇಳಿದಾಗ ಕ್ರಾಸ್ ಖಂಡಿತವಾಗಿ ನಿರಾಕರಿಸಿದ. ಆಗ ವಾಲ್ಟ್, ಆತನ ಬಾಳಸಂಗಾತಿ ವಿನಿ, ಗೆಳೆಯ ಹ್ಯಾರಿ ಡಾರ್ಬಿ ಮೂವರೂ ಸೇರಿ ಗುರುವಿಲ್ಲದೆಯೇ ಕಲಿಯುವ ದಾರಿಯನ್ನು ಹುಡುಕಿದರು. ಬಾಯಿಂದ ಹೊರಡದ ಪಾಠವನ್ನು ಕೈಕೆಲಸದಿಂದಲೇ ಹೊರಡಿಸಿದರು. ಯಾವ ಎಳೆ ಮೊದಲು, ಯಾವ ಗರಿ ಆಮೇಲೆ, ಎಷ್ಟು ಸುತ್ತು, ಗಂಟು ಎಲ್ಲಿ? ಬಿಚ್ಚುತ್ತ ಹೋದಂತೆ ಎಲ್ಲವೂ ತಿಳಿಯಿತು. ಬಿಚ್ಚಿದ ಕ್ರಮವನ್ನು ಹಿಂದುಮುಂದಾಗಿಸಿದರೆ ಅದೇ ಕಟ್ಟುವ ಕ್ರಮ!

ಹೊಸ ಸ್ವೆಟರಿನ ಹೆಣಿಗೆ ತಿಳಿಯದೆ ಹೋದಾಗ ನಮ್ಮ ಮನೆಯ ಹೆಂಗಸರು ಮಾಡುವುದೂ ಇದನ್ನೇ ಅಲ್ಲವೆ?

ಮೀನಿಗೆ ಮೋಸ, ಮನಸ್ಸಿಗೆ ಮೋದ

ಹುಸಿನೊಣದ ಅಗತ್ಯವಾದರೂ ಏನು? ಎರೆಹುಳುವನ್ನು ಚುಚ್ಚಿ ಗಾಳ ಹಾಕುವುದನ್ನು ನಾವೆಲ್ಲ ಕೆರೆಯ ಏರಿಯ ಮೇಲೆ ಕಂಡಿದ್ದೇವೆ. ಆದರೆ ತಣ್ಣನೆಯ ತೊರೆಗಳಲ್ಲಿ ಬಾಳುವ ಟ್ರೌಟ್ ಮೀನಿಗೆ ನೀರಿನ ಮೇಲೆ ತೇಲಿಬರುವ ಸಣ್ಣ ಕೀಟಗಳೆಂದರೆ ಬಲು ರುಚಿ. ಅವುಗಳಲ್ಲಿ ಮುಖ್ಯವಾದುದು ಮೇಫ್ಲೈ. ಇದು ನೀರಿನ ತಳದಲ್ಲಿ ಮರಿಯಾಗಿ ಬಹುಕಾಲ ಕಳೆದು, ರೆಕ್ಕೆ ಬಂದ ಮೇಲೆ ಬದುಕುವುದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ರೆಕ್ಕೆ ಬಂದ ಮೇಲೆ ಅದು ಆಹಾರವನ್ನೇ ಮುಟ್ಟುವುದಿಲ್ಲ. ಇಷ್ಟು ಕೋಮಲವಾದ ಜೀವಿಯನ್ನು ಗಾಳಕ್ಕೆ ಚುಚ್ಚುವುದೆಂತು? ಬೆರಳು ತಾಕಿದರೆ ಮುದುಡಿಹೋಗುತ್ತದೆ. ಆದ್ದರಿಂದ ಅದರ ಪ್ರತಿಮೆಯನ್ನೇ ಗಾಳದ ಮೇಲೆ ಕಟ್ಟಬೇಕಾಯಿತು. ಹೀಗೆ ಕಟ್ಟಿದ್ದಕ್ಕೆ ಭಾರವೇ ಇರುವುದಿಲ್ಲವಾದ್ದರಿಂದ ಅದನ್ನು ಕಲ್ಲಿನಂತೆ ಬೀಸಿ ಎಸೆಯಲಾಗದು. ತೂಕವಾದ ದಾರವನ್ನೇ ಚಾಟಿಯಂತೆ ಬೀಸಿ, ಅದರ ತುದಿಯಲ್ಲಿ ನೊಣವನ್ನು ನೀರಿನ ಮೇಲೆ ಮೆಲ್ಲನೆ ಇಳಿಸಬೇಕು.

ಕಟ್ಟುವ ಬಗೆ ಹೀಗೆ: ಮೇಜಿನ ಅಂಚಿಗೆ ಬಿಗಿದ ಪುಟ್ಟ ವೈಸಿನ ಬಾಯಿಯಲ್ಲಿ ಗಾಳವನ್ನು ಕಚ್ಚಿಸುತ್ತಾರೆ. ಜೇನುಮೇಣ ಸವರಿದ ರೇಷ್ಮೆ ಎಳೆಯನ್ನು ಗಾಳದ ಕಾಂಡಕ್ಕೆ ಒತ್ತೊತ್ತಾಗಿ ಸುತ್ತುತ್ತಾರೆ. ಬಾಲಕ್ಕೆ ಹುಂಜದ ಗರಿಯ ನಾಲ್ಕಾರು ಬಿರುಸಾದ ಎಳೆಗಳು. ಮೈಗೆ ಮೊಲದ ಕಿವಿಯ ತುಪ್ಪುಳ. ಇದನ್ನು ನಾವು ದೀಪದ ಬತ್ತಿ ಹೊಸೆಯುವಂತೆ ಎಳೆಯ ಸುತ್ತ ಹೊಸೆದು ಸುತ್ತುತ್ತಾರೆ. ಕೊನೆಗೆ ಹುಂಜದ ಕತ್ತಿನ ಒಂದು ನೀಳವಾದ ಗರಿಯನ್ನು ತಲೆಯ ಬಳಿ ಸುತ್ತಿದರೆ ಅದರ ಎಳೆಗಳು ಕೊಡೆಯ ಕಡ್ಡಿಗಳಂತೆ ಸುತ್ತಲೂ ಅರಳಿ ನಿಲ್ಲುತ್ತವೆ. ಈ ಕಡ್ಡಿಗಳ ಮೇಲೆಯೇ ನೊಣವು ನೀರಿನಲ್ಲಿ ಮುಳುಗದೆ ನಿಲ್ಲುವುದು. ಒಂದು ಗಂಟು, ಒಂದು ತೊಟ್ಟು ವಾರ್ನಿಷ್, ಅಲ್ಲಿಗೆ ಮುಗಿಯಿತು.

ಹೇಳುವುದಕ್ಕೇನೋ ಸುಲಭ. ಹೊಸಬರೆಲ್ಲರೂ ತಪ್ಪದೆ ಮಾಡುವ ತಪ್ಪು ಒಂದಿದೆ. ಉತ್ಸಾಹದಲ್ಲಿ ಮೈಯನ್ನೂ ರೆಕ್ಕೆಯನ್ನೂ ಗಾಳದ ಕಣ್ಣಿನವರೆಗೆ ತಂದುಬಿಡುತ್ತಾರೆ. ಕೊನೆಯ ಗಂಟಿಗೆ ಸ್ಥಳವೇ ಉಳಿಯುವುದಿಲ್ಲ. ಕಾರ್ಡಿನ ತುಂಬ ಕ್ಷೇಮಸಮಾಚಾರ ಬರೆದು ಸಹಿ ಹಾಕಲು ಜಾಗವಿಲ್ಲದೆ ಪರದಾಡುವಂತೆ!

ಎಲ್ಲರ ಕೈಗೂ ಸಿಗದಿರಲಿ

ಈ ಕಲೆ ನಿನ್ನೆ ಮೊನ್ನೆಯದಲ್ಲ. ಕ್ರಿಸ್ತಶಕ 200ರ ಸುಮಾರಿನಲ್ಲಿ ರೋಮಿನಲ್ಲಿದ್ದುಕೊಂಡು ಗ್ರೀಕಿನಲ್ಲಿ ಬರೆದ ಈಲಿಯನ್ ಎಂಬ ಗ್ರಂಥಕಾರ, ಮ್ಯಾಸಿಡೋನಿಯದ ಜನ ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಗಂಟಲ ಜೋಲಿನ ಕೆಳಗೆ ಬೆಳೆಯುವ ಮೇಣದ ಬಣ್ಣದ ಎರಡು ಗರಿಗಳನ್ನು ಸೇರಿಸಿ ಮೀನು ಹಿಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ನಿಜವಾದ ನೊಣ ಕೈ ತಾಕಿದೊಡನೆ ಬಣ್ಣಗೆಡುತ್ತದೆ ಎಂಬ ಕಾರಣವನ್ನೂ ಕೊಟ್ಟಿದ್ದಾನೆ.

ಇಂಗ್ಲಿಷಿನಲ್ಲಿ ಈ ವಿಷಯದ ಬರಹ ಮೊದಲು ಅಚ್ಚಾದದ್ದು 1496ರಲ್ಲಿ. ಅದರಲ್ಲಿ 12 ಹುಸಿನೊಣಗಳ ವಿವರವಿದೆ. ಯಾವ ತಿಂಗಳಿಗೆ ಯಾವುದು ಎಂಬ ಸೂಚನೆಯೂ ಇದೆ. ಆದರೆ ಅದರ ಕೊನೆಯಲ್ಲಿ ಒಂದು ತಮಾಷೆಯ ಮಾತುಂಟು. ಈ ಬರಹವನ್ನು ಬೇರೆಯಾಗಿ ಸಣ್ಣ ಪುಸ್ತಕವಾಗಿ ಅಚ್ಚು ಹಾಕಿದರೆ ಕಂಡಕಂಡ ಸೋಮಾರಿಗಳೆಲ್ಲ ಕೊಂಡು, ಹೊಳೆಯ ಮೀನನ್ನೆಲ್ಲ ಬರಿದುಮಾಡಿಯಾರು. ಆದ್ದರಿಂದ ಸಿರಿವಂತರು ಓದುವ ದೊಡ್ಡ ಗ್ರಂಥದೊಳಗೆ ಇದನ್ನು ಸೇರಿಸಿದೆ ಎಂಬುದು ಅದರ ತಾತ್ಪರ್ಯ. ವಿದ್ಯೆಯನ್ನು ಹೇಳಿಕೊಡಲೂ ಬೇಕು, ಎಲ್ಲರಿಗೂ ತಿಳಿಯಲೂ ಬಾರದು! ಈ ಇಬ್ಬಂದಿ ಆ ಮೊದಲ ಪುಸ್ತಕದಿಂದಲೇ ಆರಂಭವಾಯಿತೆನ್ನಬಹುದು.

1676ರಲ್ಲಿ ಚಾರ್ಲ್ಸ್ ಕಾಟನ್ ಎಂಬಾತ ಈ ಬಿಗುಮಾನವನ್ನು ಬಿಟ್ಟುಕೊಟ್ಟ. ತನ್ನ ಹಿರಿಯ ಮಿತ್ರನಾದ ಐಸಾಕ್ ವಾಲ್ಟನ್ ಬರೆದಿದ್ದ ಪ್ರಸಿದ್ಧ ಗ್ರಂಥಕ್ಕೆ ಆತ ಎರಡನೆಯ ಭಾಗವನ್ನು ಬರೆದು ಸೇರಿಸಿದ. ಅದು ಗುರುಶಿಷ್ಯ ಸಂವಾದದ ರೂಪದಲ್ಲಿದೆ. ದಾರಿಹೋಕನೊಬ್ಬನನ್ನು ಮನೆಗೆ ಕರೆತಂದು, ಉಪಚರಿಸಿ, ಹೊಳೆಯ ದಡದಲ್ಲಿ ಕೂರಿಸಿಕೊಂಡು, ಗಾಳವನ್ನು ಹೇಗೆ ಹಿಡಿಯಬೇಕು, ಎಳೆಯನ್ನು ಹೇಗೆ ಸುತ್ತಬೇಕು ಎಂಬುದನ್ನೆಲ್ಲ ಆತಿಥೇಯನು ತಾನೇ ಕೈಯಾರೆ ತೋರಿಸಿಕೊಡುತ್ತಾನೆ.

ಕಡಲು ದಾಟಿದ ಲಕೋಟೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಕ್ಯಾಟ್‌ಸ್ಕಿಲ್ ಬೆಟ್ಟಗಳ ಸೀಮೆಯ ಥಿಯೋಡರ್ ಗಾರ್ಡನ್ ಎಂಬ ಕ್ಷೀಣದೇಹಿಗೆ ಹುಸಿನೊಣಗಳದೇ ಧ್ಯಾನ. ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಹಾಲ್‌ಫರ್ಡ್ ಎಂಬುವನು ತೇಲುವ ನೊಣಗಳನ್ನು ಕುರಿತು 1886ರಲ್ಲಿ ಗ್ರಂಥ ಬರೆದಿದ್ದುದು ಗಾರ್ಡನ್‌ಗೆ ತಿಳಿಯಿತು. ಒಂದು ಕಾಗದ ಬರೆದ. ಮುಖಪರಿಚಯವೂ ಇಲ್ಲದ ಈ ಅಮೆರಿಕನನಿಗೆ 1890ರಲ್ಲಿ ಹಾಲ್‌ಫರ್ಡ್ ತನ್ನ ನೊಣಗಳ ಮಾದರಿಗಳನ್ನೇ ಲಕೋಟೆಯಲ್ಲಿ ಕಳಿಸಿಕೊಟ್ಟ!

ಗಾರ್ಡನ್ ಅವನ್ನು ಪೂಜೆಗೆ ಇಡಲಿಲ್ಲ. ಇಂಗ್ಲೆಂಡಿನ ಹೊಳೆಗಳು ಮಂದಗಮನೆಯರು. ಇಲ್ಲಿಯವು ಕಲ್ಲುಬಂಡೆಗಳ ಮೇಲೆ ಧುಮುಕುವಂಥವು. ಅಲ್ಲಿಯ ಕೀಟ ಬೇರೆ, ಇಲ್ಲಿಯ ಕೀಟ ಬೇರೆ. ಆದ್ದರಿಂದ ಬಂದ ಮಾದರಿಯನ್ನು ತನ್ನ ಹೊಳೆಗೆ ತಕ್ಕಂತೆ ತಿದ್ದಿದ. ನವಿಲುಗರಿಯ ಕಣ್ಣಿನ ಎಳೆಯಿಂದ ತುಪ್ಪುಳವನ್ನು ಸುಲಿದರೆ ಉಳಿಯುವ ಕಡ್ಡಿಯಲ್ಲಿ ಕಪ್ಪು ಬಿಳುಪಿನ ಪಟ್ಟೆಗಳಿರುತ್ತವೆ. ಅದನ್ನು ಸುತ್ತಿದರೆ ಕೀಟದ ಮೈಯ ಉಂಗುರಗಳಂತೆಯೇ ಕಾಣುತ್ತದೆ. ಹೀಗೆ ಹುಟ್ಟಿದ ನೊಣಕ್ಕೆ ಕ್ವಿಲ್ ಗಾರ್ಡನ್ ಎಂಬ ಹೆಸರು ಇಂದಿಗೂ ಉಳಿದಿದೆ. 1915ರಲ್ಲಿ ಗಾರ್ಡನ್ ಕ್ಷಯರೋಗದಿಂದ ತೀರಿಕೊಂಡ. ಆತನಿಂದ ಕಲಿತ ರಾಯ್ ಸ್ಟೀನ್‌ರಾಡ್ ಎಂಬ ಅಂಚೆ ಕಚೇರಿಯ ನೌಕರ ಮರುವರ್ಷವೇ ಹೊಸದೊಂದು ನೊಣವನ್ನು ಕಟ್ಟಿ, ತನ್ನ ಮಿತ್ರನಾದ ಹೆಂಡ್ರಿಕ್‌ಸನ್‌ನ ಹೆಸರನ್ನು ಅದಕ್ಕಿಟ್ಟ.

ಗುಟ್ಟು ಮತ್ತು ಅನ್ನ

ಹಾಗಾದರೆ ಗುಟ್ಟು ಬಿಟ್ಟುಕೊಡದ ರೂಬ್ ಕ್ರಾಸ್ ಕೆಟ್ಟವನೆ? ಹಾಗೆ ತೀರ್ಮಾನಿಸಲು ಆತುರಪಡಬಾರದು. ಹಾಲ್‌ಫರ್ಡ್‌ಗೆ ಹುಸಿನೊಣ ವಿನೋದದ ವಸ್ತು. ಕ್ರಾಸನಿಗೆ ಅದೇ ಹೊಟ್ಟೆಪಾಡು. ತನ್ನ ಕಸುಬನ್ನು ನೆರೆಯ ಮೂವರಿಗೆ ಕಲಿಸಿದರೆ ನಾಳೆ ಗಿರಾಕಿಗಳು ಯಾರ ಬಾಗಿಲಿಗೆ ಹೋದಾರು? ಹೋಟೆಲಿನವನು ತನ್ನ ಸಾಂಬಾರಿನ ಪುಡಿಯ ಅಳತೆಯನ್ನು ಎದುರು ಹೋಟೆಲಿನವನಿಗೆ ಹೇಳಿಕೊಡುತ್ತಾನೆಯೆ?

ಇದಕ್ಕೆ ಸಂಬಂಧಿಸಿದ ಇನ್ನೊಂದು ಸ್ವಾರಸ್ಯದ ಪ್ರಸಂಗವುಂಟು. ಇಂಗ್ಲೆಂಡಿನ ಟಿವರ್ಟನ್ ಎಂಬ ಊರಿನಲ್ಲಿ ಆಸ್ಟಿನ್ ಎಂಬವನು ಒಂದು ಅದ್ಭುತವಾದ ನೊಣವನ್ನು ಕಟ್ಟಿದ. ಅದರ ಮೈಯ ಹೊಗರು ಬಣ್ಣ ಬೇರೆ ಯಾರಿಗೂ ಬರಲೊಲ್ಲದು. ಟಗರಿನ ಮೈಯ ಒಂದು ಮರೆಯ ಭಾಗದ ಉಣ್ಣೆಯನ್ನು ಅದಕ್ಕೆ ಬೆರೆಸಲಾಗುತ್ತಿತ್ತು ಎಂಬುದೇ ಗುಟ್ಟು; ಯಾವ ಭಾಗವೆಂಬುದನ್ನು ಓದುಗರ ಊಹೆಗೆ ಬಿಡೋಣ! ಈ ಗುಟ್ಟನ್ನು ಆಸ್ಟಿನ್ ಲಂಡನ್ನಿನ ವಕೀಲನೂ ಪ್ರಸಿದ್ಧ ಲೇಖಕನೂ ಆಗಿದ್ದ ಸ್ಕ್ಯೂಸ್ ಎಂಬುವನಿಗೆ ಮಾತ್ರ ಹೇಳಿದ್ದ. ಆಸ್ಟಿನ್ ತೀರಿಕೊಂಡ ಮೇಲೆ ಅವನ ಮಗಳು ಆ ನೊಣವನ್ನು ಕಟ್ಟಿ ಮಾರುತ್ತಿದ್ದಳು. ಸ್ಕ್ಯೂಸ್ ಮೀನು ಹಿಡಿಯುವುದರ ಮೇಲೆ ಧಾರಾಳವಾಗಿ ಬರೆಯುತ್ತಿದ್ದವನು. ಆದರೂ ಈ ಒಂದು ವಿಷಯದಲ್ಲಿ ಬಾಯಿ ಬಿಡಲಿಲ್ಲ. ಆ ಹೆಣ್ಣುಮಗಳು ವ್ಯಾಪಾರವನ್ನು ಬಿಟ್ಟ ಮೇಲೆಯೇ, 1934ರಲ್ಲಿ, ಗುಟ್ಟು ಲೋಕಕ್ಕೆ ತಿಳಿಯಿತು.

ಹಂಚುವುದು ದೊಡ್ಡ ಗುಣ, ನಿಜ. ಮತ್ತೊಬ್ಬರ ಅನ್ನಕ್ಕೆ ಕುತ್ತಾಗದಂತೆ, ಹಂಚುವ ಹೊತ್ತು ಬರುವತನಕ ಕಾಯುವುದು ಅದಕ್ಕಿಂತ ಚಿಕ್ಕ ಗುಣವೇನಲ್ಲ.

ಮೊಟ್ಟೆಗಳ ಪ್ರಯಾಣ

ಮತ್ತೆ ರೋಸ್ಕೋಗೆ ಬರೋಣ. ಬಿಚ್ಚಿ ಕಲಿತ ಆ ಮೂವರೂ ಮುಂದೆ ಹೆಸರಾಂತ ಕುಶಲಿಗಳಾದರು. ಡೆಟ್ ದಂಪತಿಗಳ ಮಗಳೂ ಅದೇ ಕಸುಬನ್ನು ಹಿಡಿದಳು. ಹ್ಯಾರಿ ಡಾರ್ಬಿ ತನ್ನ ಪತ್ನಿ ಎಲ್ಸಿಯೊಡನೆ ಬೇರೆ ಅಂಗಡಿಯನ್ನು ನಡೆಸಿದ.

ಡಾರ್ಬಿಗೆ ಒಂದು ಚಿಂತೆಯಿತ್ತು. ಒಳ್ಳೆಯ ತೇಲುವ ನೊಣಕ್ಕೆ ಬೇಕಾದದ್ದು ನೀಲಿಬೂದು ಬಣ್ಣದ, ಬಿರುಸಾದ ಎಳೆಗಳುಳ್ಳ ಹುಂಜದ ಗರಿ. ಪೇಟೆಯಲ್ಲಿ ಅದು ಸಿಗುವುದು ಅಪರೂಪ. ಸರಿ, ಕೋಳಿಯನ್ನೇ ಸಾಕಿದರಾಯಿತು ಎಂದು ಹೊರಟ. ಆದರೆ ಈ ಬಣ್ಣ ಬಲು ಮೋಸದ್ದು. ನೀಲಿಬೂದು ಹುಂಜಕ್ಕೂ ನೀಲಿಬೂದು ಹೇಂಟೆಗೂ ಹುಟ್ಟಿದ ಮರಿಗಳಲ್ಲಿ ಸರಾಸರಿ ಅರ್ಧದಷ್ಟಕ್ಕೆ ಮಾತ್ರ ಆ ಬಣ್ಣ ಬರುತ್ತದೆ. ಕಾಲುಭಾಗ ಕಪ್ಪು, ಇನ್ನು ಕಾಲುಭಾಗ ಬಿಳುಪು ಮಿಶ್ರವಾಗಿರುತ್ತವೆ. ವರ್ಷಗಟ್ಟಲೆ ಆಯ್ದು ಆಯ್ದು ಕೂಡಿಸಿ ಆತ ಒಂದು ಒಳ್ಳೆಯ ತಳಿಯನ್ನು ಬೆಳೆಸಿದ.

ಇಷ್ಟು ಕಷ್ಟಪಟ್ಟು ಬೆಳೆಸಿದ ತಳಿಯನ್ನು ಆತ ಬೀಗ ಹಾಕಿ ಇಟ್ಟುಕೊಳ್ಳಬಹುದಿತ್ತು. ಆದರೆ ಡಾರ್ಬಿಯ ಕೋಳಿಗಳ ಮೊಟ್ಟೆಗಳು ಮಿನೆಸೋಟದ ಆಂಡಿ ಮೈನರ್ ಎಂಬ ಹವ್ಯಾಸಿಯ ಕೈ ಸೇರಿದುವು. ಮೈನರ್ ಅವನ್ನು ಇನ್ನಷ್ಟು ಸುಧಾರಿಸಿದ. ಅವನ ತಳಿ ಪೆನ್ಸಿಲ್ವೇನಿಯದ ಮೆಟ್ಜ್ ಕೋಳಿಸಾಕಣೆಯನ್ನು ಸೇರಿ, 1970ರ ದಶಕದಿಂದ ಉತ್ತಮವಾದ ಗರಿಗಳು ಸಾಮಾನ್ಯ ಹವ್ಯಾಸಿಗೂ ದೊರೆಯುವಂತಾಯಿತು. ಬಾಗಿಲು ಮುಚ್ಚಿಸಿಕೊಂಡು ಕಲಿತವನು ತನ್ನ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ. 1977ರಲ್ಲಿ ಆತ ತನ್ನ ಕಸುಬಿನ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ.

ಎರಡೇ ಸಾಮಗ್ರಿ

ತಿದ್ದಿ ತೀಡುವವನ ಕಣ್ಣು ಹೇಗಿರುತ್ತದೆಂಬುದಕ್ಕೆ ಇಂಗ್ಲೆಂಡಿನ ಫ್ರಾಂಕ್ ಸಾಯರ್ ಒಳ್ಳೆಯ ನಿದರ್ಶನ. ಏವನ್ ನದಿಯ ಕಾವಲುಗಾರನಾಗಿದ್ದ ಈತ ನೀರಿನೊಳಗಿನ ಕೀಟಗಳ ಮರಿಗಳನ್ನು ತಾಳ್ಮೆಯಿಂದ ನೋಡುತ್ತಿದ್ದ. ಈಜುವಾಗ ಅವು ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತವೆ ಎಂಬುದನ್ನು ಗಮನಿಸಿದ. ಹಾಗಾದರೆ ಹುಸಿಮರಿಗೆ ಕಾಲುಗಳನ್ನು ಕಟ್ಟುವ ಶ್ರಮವೇಕೆ? ಅದು ಮುಳುಗಬೇಕಾದರೆ ಭಾರವೂ ಬೇಕು. ರೇಷ್ಮೆ ಎಳೆಯನ್ನೇ ಕೈಬಿಟ್ಟು ಅದರ ಬದಲು ತೆಳುವಾದ ತಾಮ್ರದ ತಂತಿಯಿಂದ ಕಟ್ಟಿದ. ತಂತಿಯೇ ದಾರ, ತಂತಿಯೇ ಭಾರ, ತಂತಿಯೇ ಮೈಯ ಹೊಳಪು! ಉಳಿದದ್ದಕ್ಕೆಲ್ಲ ಫೆಸೆಂಟ್ ಹಕ್ಕಿಯ ಬಾಲದ ಗರಿ. ಎರಡೇ ಸಾಮಗ್ರಿಗಳ ಈ ಹುಸಿಮರಿಯ ರಹಸ್ಯವನ್ನು 1958ರಲ್ಲಿ ಪುಸ್ತಕ ಬರೆದು ಎಲ್ಲರಿಗೂ ತಿಳಿಸಿದ. ಇಂದು ಟ್ರೌಟ್ ಇರುವ ದೇಶಗಳಲ್ಲೆಲ್ಲ ಇದನ್ನು ಕಟ್ಟುತ್ತಾರೆ.

ಮೀನು ಹಿಡಿಯದ ಮಹಿಳೆ

ಮೀನಿನ ಹೆಸರು ಕೇಳಿದರೆ ಮುಖ ತಿರುಗಿಸುವ ಓದುಗರಿಗೂ ಮೆಗನ್ ಬಾಯ್ಡ್ ಎಂಬಾಕೆಯ ಕಥೆ ಹಿಡಿಸೀತು. ಸ್ಕಾಟ್ಲೆಂಡಿನ ಈಶಾನ್ಯ ತೀರದ ಬ್ರೋರ ಎಂಬ ಊರಿನ ಬಳಿ, ಕಡಲಿಗೆ ಮುಖ ಮಾಡಿದ ಸಣ್ಣ ಮನೆಯಲ್ಲಿ ಈಕೆ ಬಾಳಿನುದ್ದಕ್ಕೂ ಸಾಲ್ಮನ್ ಮೀನಿನ ಹುಸಿನೊಣಗಳನ್ನು ಕಟ್ಟಿದಳು. 1915ರಲ್ಲಿ ಹುಟ್ಟಿದ ಈಕೆಗೆ ಬಾಲ್ಯದಲ್ಲಿ ಗುರುವಾದವನು ಬಾಬ್ ಟ್ರಸ್ಲರ್ ಎಂಬ ಎಸ್ಟೇಟಿನ ಕಾವಲುಗಾರ. ಅವನು ಕಲಿಸಿದ ಬಗೆಯೇನು ಗೊತ್ತೆ? ಕಟ್ಟಿದ ನೊಣಗಳನ್ನು ಕೈಗೆ ಕೊಟ್ಟು, ಬಿಚ್ಚಿಸಿ, ಅದೇ ಗರಿಗಳಿಂದ ಇನ್ನೂ ಚಿಕ್ಕ ಗಾಳದ ಮೇಲೆ ಮತ್ತೆ ಕಟ್ಟಿಸಿದ! ರೋಸ್ಕೋದ ತರುಣರು ವಿಧಿಯಿಲ್ಲದೆ ಹಿಡಿದ ದಾರಿಯನ್ನೇ ಈ ಗುರು ಬೇಕೆಂದೇ ಶಿಷ್ಯೆಗೆ ತೋರಿಸಿದ.

ಆಕೆಯ ನೊಣಗಳಿಗಾಗಿ ಅರಮನೆಯವರೂ ಕಾದಿರುತ್ತಿದ್ದರು. ಆದರೆ ಆಕೆ ಒಂದು ದಿನವೂ ಗಾಳ ಹಿಡಿದು ಮೀನು ಕೊಂದವಳಲ್ಲ. ಕೊಲ್ಲುವುದು ಆಕೆಯಿಂದ ಆಗುತ್ತಿರಲಿಲ್ಲ. 1971ರಲ್ಲಿ ಬ್ರಿಟಿಷ್ ಸರಕಾರದ ಪದಕವೊಂದು ಬಂದಾಗ, ಆ ದಿನ ತನ್ನ ನಾಯಿಯನ್ನು ನೋಡಿಕೊಳ್ಳುವವರಿಲ್ಲವೆಂದು ತಿಳಿಸಿ ಅರಮನೆಯ ಸಮಾರಂಭಕ್ಕೆ ಹೋಗಲೇ ಇಲ್ಲ. ಕಣ್ಣು ಮಂದವಾಗುವವರೆಗೂ ಕಟ್ಟಿದಳು, 2001ರಲ್ಲಿ ತೀರಿಕೊಂಡಳು. ಮೀನಿನಲ್ಲಿ ಆಸೆಯಿಲ್ಲದವಳನ್ನು ಅಷ್ಟು ವರ್ಷ ಆ ಮೇಜಿನ ಮುಂದೆ ಕೂರಿಸಿದ್ದು ಕೈಕೆಲಸದ ಸುಖವಲ್ಲದೆ ಬೇರೇನು?

ನಮ್ಮ ಕಾಡುಕೋಳಿಯ ಗರಿ

ಸಾಲ್ಮನ್ ನೊಣಗಳ ಕಥೆಗೂ ನಮ್ಮ ನಾಡಿಗೂ ಒಂದು ನಂಟಿದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬಣ್ಣಬಣ್ಣದ ಈ ನೊಣಗಳಿಗೆ ಲೋಕದ ಮೂಲೆಮೂಲೆಯ ಗರಿಗಳು ಬೇಕಾದುವು. ಅವುಗಳಲ್ಲಿ ಅಚ್ಚುಮೆಚ್ಚಿನದು ನಮ್ಮ ಪಶ್ಚಿಮ ಘಟ್ಟಗಳ ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿ. ಅದರ ಮೇಲೆ ಅರಗು ಹಚ್ಚಿದಂಥ ಹಳದಿ ಬಿಳುಪಿನ ಚುಕ್ಕೆಗಳಿದ್ದು, ನೊಣದ ಪಕ್ಕದಲ್ಲಿ ಕಟ್ಟಿದರೆ ಕಣ್ಣಿನಂತೆ ಹೊಳೆಯುತ್ತವೆ. ಹೀಗೆ ಮಲೆನಾಡಿನಲ್ಲಿ ಕೂಗುವ ಹಕ್ಕಿಯ ಗರಿ ಸ್ಕಾಟ್ಲೆಂಡಿನ ನದಿಗಳಲ್ಲಿ ಮುಳುಗಿ ಎದ್ದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಈ ಹಕ್ಕಿಗೆ ನಮ್ಮಲ್ಲಿ ರಕ್ಷಣೆ ದೊರೆತಿದೆ.

ಇನ್ನೊಂದು ನಂಟು ಮಂಗಳೂರಿನದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್, ಭಾರತದ ಹೊಳೆಗಳಲ್ಲಿ ಗಾಳ ಹಾಕುವ ವಿಧಾನವನ್ನು ಕುರಿತು ಬರೆದ ಪ್ರಸಿದ್ಧ ಇಂಗ್ಲಿಷ್ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿಯೇ ಮೊದಲು ಪ್ರಕಟವಾಯಿತು.

ಗರಿಯ ಆಸೆ ಮಿತಿಮೀರಿದರೆ ಏನಾಗುತ್ತದೆಂಬುದನ್ನೂ ಹೇಳದಿದ್ದರೆ ಈ ಕಥೆ ಪೂರ್ಣವಾಗದು. 2009ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ಟ್ರಿಂಗ್ ಎಂಬಲ್ಲಿಯ ವಸ್ತುಸಂಗ್ರಹಾಲಯದಿಂದ 299 ಹಕ್ಕಿಗಳ ಚರ್ಮಗಳು ಕಳುವಾದುವು. ಕದ್ದವನು ಸಂಗೀತ ಕಲಿಯುತ್ತಿದ್ದ ತರುಣ. ಹಳೆಯ ಸಾಲ್ಮನ್ ನೊಣಗಳನ್ನು ಕಟ್ಟುವುದರಲ್ಲಿ ನಿಪುಣ. ಕೆಲವು ಚರ್ಮಗಳು ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೆಸ್ ಸಂಗ್ರಹಿಸಿದ್ದವು. ಎಲ್ಲಿ, ಎಂದು ಸಿಕ್ಕಿದ ಹಕ್ಕಿ ಎಂಬ ಚೀಟಿ ಕಿತ್ತುಹೋದ ಮೇಲೆ ವಿಜ್ಞಾನಕ್ಕೆ ಅವುಗಳ ಬೆಲೆ ಬಹುಪಾಲು ಹೋದಂತೆಯೇ. ಎಲ್ಲರಿಗೂ ಸೇರಿದ ಜ್ಞಾನಭಂಡಾರವನ್ನು ಒಬ್ಬನ ಆಸೆ ಹೀಗೆ ಬಡವಾಗಿಸಿತು. ಸಾಮಾನ್ಯ ಕೋಳಿ, ಬಾತುಗಳ ಗರಿಗೆ ಬಣ್ಣ ಹಾಕಿ ಅಪರೂಪದ ಗರಿಯ ಬದಲು ಬಳಸುವ ಉಪಾಯ ಎಷ್ಟೋ ಕಾಲದಿಂದ ಇದೆ. ಮೀನಿಗೆ ಎರಡೂ ಒಂದೇ!

ಗಾಯಕ್ಕೆ ಮದ್ದು

2005ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ನಿವೃತ್ತ ನೌಕಾಧಿಕಾರಿಯೊಬ್ಬ, ಯುದ್ಧದಲ್ಲಿ ಅಂಗವಿಕಲರಾದ ಯೋಧರಿಗೆ ಹುಸಿನೊಣದ ಗಾಳ ಹಾಕುವುದನ್ನು ಕಲಿಸುವ ಏರ್ಪಾಡನ್ನು ಆರಂಭಿಸಿದ. ನೊಣ ಕಟ್ಟುವ ತರಗತಿಯೂ ಅದರೊಡನೆ ಬೆಳೆಯಿತು. ಕಳೆದುಹೋದ ಬೆರಳಿನ ಕೆಲಸವನ್ನು ಉಳಿದ ಬೆರಳಿಗೆ ಕಲಿಸಬೇಕು. ಒಂದೇ ಕೈ ಇದ್ದವರಿಗೆ ಎಳೆಯನ್ನು ಬಿಗಿಹಿಡಿಯಲು ಬೇರೆ ಉಪಾಯ ಕಾಣಬೇಕು. ಕಣ್ಣ ಮುಂದಿನ ಒಂದು ಅಂಗುಲದ ಕೆಲಸದಲ್ಲಿ ಮನಸ್ಸು ನಿಂತಾಗ ಹಿಂದಿನ ಭೀಕರ ನೆನಪುಗಳು ಅಷ್ಟು ಹೊತ್ತಾದರೂ ದೂರ ಸರಿದಾವು.

ಇಂಥ ಕೂಟಗಳಲ್ಲಿ ಹೊಸಬನು ಕಟ್ಟಿದ ಮೊದಲ ನೊಣವನ್ನು ನೋಡಿ ಯಾರೂ ಮೂಗು ಮುರಿಯುವುದಿಲ್ಲ. ರೆಕ್ಕೆ ಸೊಟ್ಟಗಿರುತ್ತದೆ, ತಲೆ ದಪ್ಪವಾಗಿರುತ್ತದೆ, ಬಾಲ ಒಂದು ಕಡೆ ವಾಲಿರುತ್ತದೆ. ಆದರೂ ಎಷ್ಟೋ ಸಲ ಮೀನು ಅದಕ್ಕೇ ಬಾಯಿ ಹಾಕುತ್ತದೆ! ಪಕ್ಕದಲ್ಲಿ ಕುಳಿತ ಹಿರಿಯನು ಬ್ಲೇಡಿನಿಂದ ಎಳೆಯನ್ನು ಕತ್ತರಿಸಿ, ಗಾಳವನ್ನು ಬರಿದುಮಾಡಿ, ಮತ್ತೆ ವೈಸಿಗೆ ಕಚ್ಚಿಸಿ ಕೊಡುತ್ತಾನೆ. ಗರಿ ಹೋದರೂ ಗಾಳ ಉಳಿಯಿತು, ಇನ್ನೊಮ್ಮೆ ಕಟ್ಟಬಹುದು.

ಮುಂದಿನ ಸಲ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಕೆಟ್ಟ ಗಡಿಯಾರವನ್ನು ಬಿಚ್ಚಿ, ಗಾಲಿಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕುಳಿತಿದ್ದರೆ ಗದರಿಸುವ ಮುನ್ನ ರೋಸ್ಕೋದ ಆ ಮೂವರನ್ನು ಒಮ್ಮೆ ನೆನೆಯಿರಿ. ಬಿಡುವಿದ್ದರೆ ನೀವೂ ಪಕ್ಕದಲ್ಲಿ ಕುಳಿತು, ಯಾವ ತಿರುಪು ಮೊದಲು ಬಂತೆಂಬುದನ್ನು ಒಂದು ಕಾಗದದಲ್ಲಿ ಗುರುತು ಹಾಕಿಕೊಡಿ.